ಸತ್ತ ಮೀನು ಸಾಕ್ಷಿ ಹೇಳದು

ಶಿವರಾತ್ರಿ ಕಳೆದು ವಾರವಾಗಿತ್ತು. ಚಳಿ ಶಿವಶಿವಾ ಎಂದು ಹೋಗುವ ಕಾಲವೇ ಆದರೂ ಮಳವಳ್ಳಿ ಕಡೆಯ ಆ ಹೊಂಡದ ಏರಿಯ ಮೇಲೆ ಬೆಳಗಿನ ಜಾವ ಐದೂವರೆಗೆ ಕೈ ಉಜ್ಜಿಕೊಳ್ಳುವಷ್ಟು ಥಂಡಿ ಇತ್ತು. ರೈತರು ಟಾರ್ಚ್ ಬಿಟ್ಟು ತೋರಿಸಿದರು. ನೀರಿನ ಮೇಲ್ಮೈ ತುಂಬ ಬಾಯಿಗಳು. ನೂರಾರು ಕಾಟ್ಲಾ ಮೀನುಗಳು ಮೂತಿ ಮೇಲೆತ್ತಿ ಗುಳುಕ್ ಗುಳುಕ್ ಎಂದು ಗಾಳಿ ನುಂಗುತ್ತಿದ್ದವು. ಬೆಳಕು ಬಿದ್ದರೂ ಒಂದೂ ಬೆದರಿ ಒಳಗೆ ಹೋಗಲಿಲ್ಲ.

“ಮೊನ್ನೆ ನಾಕು, ನೆನ್ನೆ ಒಂಬತ್ತು, ಇವತ್ತು ಆಗ್ಲೇ ಹದಿನೇಳು ಎತ್ತಾಕಿದೀನಿ ಮೇಡಂ” ಎಂದರು ರೈತರು. ಏರಿಯ ಬದಿಯ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಆ ಹದಿನೇಳೂ ಇದ್ದವು. ಒಂದೊಂದೂ ಅರ್ಧ ಕೇಜಿ ಮೇಲಿನವು. ಈಜುರೆಕ್ಕೆಯ ಬುಡದಲ್ಲಿ ಕುಂಕುಮ ಒರೆಸಿದ ಹಾಗೆ ಕೆಂಪು. ಕೆಲವಕ್ಕೆ ಹೊಟ್ಟೆ ಉಬ್ಬಿ ಹುರುಪೆಗಳೆಲ್ಲ ನಿಮಿರಿ ನಿಂತಿದ್ದವು. ಒಂದರ ಪಕ್ಕೆಯಲ್ಲಿ ಎಂಟಾಣೆಯಗಲದ ಹುಣ್ಣು.

ನನ್ನನ್ನು ಜೊತೆಗೆ ಕರೆದುಕೊಂಡು ಹೋಗಿದ್ದ ಮೀನುರೋಗ ತಜ್ಞೆ ಆ ಬುಟ್ಟಿಯ ಕಡೆ ಒಮ್ಮೆ ನೋಡಿ ಕೈಗವಸು ಹಾಕಿಕೊಂಡರು. “ಸತ್ತಿದ್ದು ಬೇಡ ಅಣ್ಣ. ಸಾಯ್ತಾ ಇರೋದು ಒಂದು ಹಿಡಿದು ಕೊಡಿ” ಎಂದರು.

ರೈತರ ಮುಖ ಸಣ್ಣಗಾಯಿತು. ಹಿಂದಿನ ದಿನ ಇಂಥವೇ ಎರಡು ಮೀನನ್ನು ಕವರಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿ ಪ್ರಯೋಗಾಲಯಕ್ಕೆ ಕೊಟ್ಟು ಬಂದಿದ್ದರು. ಅದರಿಂದ ಏನೂ ಗೊತ್ತಾಗುವುದಿಲ್ಲ ಎಂದು ಅಲ್ಲಿ ವಾಪಸು ಕಳಿಸಿದ್ದರಂತೆ. ಅದು ಅಸಡ್ಡೆಯ ಮಾತು ಎಂದೇ ಅವರು ತಿಳಿದಿದ್ದರು. ಕಾರಣ ಬೇರೆಯೇ ಇತ್ತು. ಮೀನು ಸತ್ತ ಕೆಲವೇ ಗಂಟೆಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳು ಮೈಯೆಲ್ಲ ಹರಡುತ್ತವೆ. ಆಮೇಲೆ ಎಲ್ಲಿ ಚುಚ್ಚಿ ತೆಗೆದರೂ ಬ್ಯಾಕ್ಟೀರಿಯಾ ಸಿಕ್ಕೇ ಸಿಗುತ್ತದೆ. ಕೊಂದದ್ದು ಯಾವುದು, ಹೆಣಕ್ಕೆ ಮುತ್ತಿದ್ದು ಯಾವುದು ಎಂದು ಬೇರ್ಪಡಿಸಲು ಯಾರಿಂದಲೂ ಆಗದು.

ಬೀಸುಬಲೆಗೆ ಒಂದು ರೋಹು ಬಂತು. ಓಲಾಡುತ್ತಿತ್ತು, ಜೀವವಿತ್ತು. ತಜ್ಞೆ ಮೊದಲು ಕಿವಿರು ಎತ್ತಿ ನೋಡಿದರು. ದಾಸವಾಳದಂತೆ ಕೆಂಪಗಿರಬೇಕಾದ ಕಿವಿರು ಮಾಸಿ, ಅಂಚಿನಲ್ಲಿ ಬೂದುಬಣ್ಣಕ್ಕೆ ತಿರುಗಿತ್ತು. ಮೈ ಸವರಿದಾಗ ಬೆರಳಿಗೆ ಅಂಟಿದ ಲೋಳೆ ಒಂದು ಕಡೆ ದಪ್ಪಗೆ, ಇನ್ನೊಂದು ಕಡೆ ಇಲ್ಲವೇ ಇಲ್ಲ. ತಲೆಗೆ ಪೆಟ್ಟು ಕೊಟ್ಟು, ಸ್ಪಿರಿಟ್ಟಿನಲ್ಲಿ ಒರೆಸಿ, ಹೊಟ್ಟೆ ಬಿಡಿಸಿದರು. ತಿಳಿಗೆಂಪು ನೀರು ಸುರಿಯಿತು. ಕರುಳು, ಗಾಳಿಚೀಲ ಸರಿಸಿದ ಮೇಲೆ ಬೆನ್ನೆಲುಬಿಗೆ ಅಂಟಿಕೊಂಡಂತೆ ಉದ್ದಕ್ಕೂ ಕಡುಗೆಂಪು ಪಟ್ಟಿಯೊಂದು ಕಂಡಿತು. ಅದೇ ಮೀನಿನ ಮೂತ್ರಪಿಂಡ. ಸುಟ್ಟು ಆರಿಸಿದ ತಂತಿಯ ತುದಿಯನ್ನು ಅದಕ್ಕೆ ತಾಗಿಸಿ, ತಟ್ಟೆಯ ಮೇಲೆ ಗೀಚಿ, ಮುಚ್ಚಳ ಹಾಕಿದರು. ಐದು ನಿಮಿಷದ ಕೆಲಸ. ಹುಣ್ಣಿಗೆ ನೂರು ಬಗೆಯ ಜೀವಿಗಳು ಮುತ್ತಬಹುದು. ಆದರೆ ಬದುಕಿರುವ ಮೀನಿನ ಮೂತ್ರಪಿಂಡದಲ್ಲಿ ಬ್ಯಾಕ್ಟೀರಿಯಾ ಸಿಕ್ಕರೆ ಅದು ರಕ್ತಕ್ಕೆ ಇಳಿದಿದೆ ಎಂದೇ ಅರ್ಥ.

ಎರಡು ದಿನದ ಮೇಲೆ ಅದೇ ತಟ್ಟೆಯನ್ನು ಪ್ರಯೋಗಾಲಯದಲ್ಲಿ ನೋಡಿದೆ. ಗೀಚಿದ ಗೆರೆಯ ಉದ್ದಕ್ಕೂ ರಾಗಿಕಾಳಿನಷ್ಟು ಗಾತ್ರದ ಹಳದಿ ಚುಕ್ಕೆಗಳು. ರಿಮ್ಲರ್-ಶಾಟ್ಸ್ ಎಂಬ ಮಾಧ್ಯಮದ ಮೇಲೆ ಹೀಗೆ ಹಳದಿಯಾಗಿ ಬೆಳೆಯುವುದು ಏರೋಮೊನಾಸ್ ಹೈಡ್ರೋಫಿಲಾದ ಗುರುತು. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು.

ಹೈಡ್ರೋಫಿಲಾ ಎಂದರೆ ನೀರನ್ನು ಪ್ರೀತಿಸುವುದು ಎಂದರ್ಥ. 1891ರಲ್ಲಿ ಸನಾರೆಲ್ಲಿ ಎಂಬ ಇಟಲಿಯ ವಿಜ್ಞಾನಿ ಕಪ್ಪೆಗಳಲ್ಲಿ ಇದನ್ನು ಗುರುತಿಸಿದರು. ಕಪ್ಪೆಯ ಕಾಲು ಕೆಂಪಾಗಿ ಸಾಯುವ ರೋಗಕ್ಕೆ ಇಂದಿಗೂ ಇದರ ಹೆಸರೇ ಮುಂದೆ ಬರುತ್ತದೆ. ಕೋಲಿನಾಕಾರದ ದೇಹಕ್ಕೆ ಒಂದೇ ಬಾಲ, ಅದರಿಂದಲೇ ಸರಸರ ಈಜುತ್ತದೆ. ಮೀನಿನ ರಕ್ತಕಣವನ್ನು ಒಡೆಯುವ ವಿಷವನ್ನು ತಾನೇ ತಯಾರಿಸುತ್ತದೆ. ಈಜುರೆಕ್ಕೆಯ ಬುಡ ಕೆಂಪಾಗುವುದು, ಹೊಟ್ಟೆಯಲ್ಲಿ ಕೆಂಪು ನೀರು ತುಂಬುವುದು ಅದರಿಂದ. ಆದರೆ ತಜ್ಞೆ ನನಗೆ ಮೊದಲು ಹೇಳಿದ್ದು ಇದ್ಯಾವುದನ್ನೂ ಅಲ್ಲ. “ಇದು ನಿಮ್ಮೂರ ಕೆರೆಯಲ್ಲೂ ಇದೆ, ಕಾವೇರಿಯಲ್ಲೂ ಇದೆ, ಆರೋಗ್ಯವಾಗಿರೋ ಮೀನಿನ ಕರುಳಲ್ಲೂ ಇದೆ. ಇದನ್ನ ಹುಡುಕೋದು ದೊಡ್ಡ ವಿಷಯ ಅಲ್ಲ. ಇದಕ್ಕೆ ಬಾಗಿಲು ತೆರೆದವರು ಯಾರು ಅಂತ ಹುಡುಕಬೇಕು” ಎಂದರು.

ಆ ಬಾಗಿಲು ಎಷ್ಟು ತೆಳುವಾದದ್ದು ಎಂದು ನನಗೆ ಆವರೆಗೆ ತಿಳಿದಿರಲಿಲ್ಲ. ನಮ್ಮ ಚರ್ಮದ ಹೊರಪದರ ಸತ್ತ ಜೀವಕೋಶಗಳದ್ದು. ಗೀರಿದರೂ ಒಣ ಹೊಟ್ಟು ಉದುರುತ್ತದೆಯಷ್ಟೆ. ಮೀನಿನದು ಹಾಗಲ್ಲ. ಹುರುಪೆಯ ಮೇಲೆ ಹೊದೆದಿರುವ ತೆಳುಪೊರೆ ಕಟ್ಟಕಡೆಯ ಕೋಶದವರೆಗೂ ಜೀವಂತ. ಅದಕ್ಕೆ ಕಾವಲು ಲೋಳೆಯೊಂದೇ. ಆ ಲೋಳೆಯಲ್ಲಿ ಸೂಕ್ಷ್ಮಾಣುಗಳನ್ನು ಕರಗಿಸುವ ಕಿಣ್ವಗಳಿವೆ, ಪ್ರತಿಕಾಯಗಳೂ ಇವೆ. ಒಣ ಕೈಯಲ್ಲಿ ಒಂದು ಸಲ ಒತ್ತಿ ಹಿಡಿದರೆ ಬೆರಳಿನ ಅಚ್ಚಿನಷ್ಟು ಜಾಗದಲ್ಲಿ ಆ ಕಾವಲು ಅಳಿಸಿಹೋಗುತ್ತದೆ. ಬಲೆಯ ಗಂಟು ಉಜ್ಜಿದರೂ ಅಷ್ಟೇ, ಮೀನುಹೇನು ಕಚ್ಚಿದರೂ ಅಷ್ಟೇ.

ಮಳವಳ್ಳಿಯ ಹೊಂಡದಲ್ಲಿ ಬಾಗಿಲು ಒಂದಲ್ಲ, ಮೂರು ನಾಲ್ಕು ತೆರೆದಿದ್ದವು. ಹೆಕ್ಟೇರಿಗೆ 5ರಿಂದ 10 ಸಾವಿರ ಮರಿ ಬಿತ್ತಬಹುದು ಎಂಬುದು ಸಾಮಾನ್ಯ ಲೆಕ್ಕ. ಇವರು ಒಂದು ಎಕರೆಗೇ 6 ಸಾವಿರ ಬಿಟ್ಟಿದ್ದರು. ಮಳೆಗಾಲದಲ್ಲಿ ಅದು ಗೊತ್ತಾಗಲಿಲ್ಲ. ಬೇಸಿಗೆ ಹತ್ತಿರವಾಗಿ ನೀರು ಮೊಣಕಾಲುದ್ದ ಇಳಿದಾಗ ಬೆಳೆದ ಮೀನುಗಳು ಒಂದರ ಮೇಲೊಂದಾದವು. ಪಾಚಿ ಬೆಳೆಯಲೆಂದು ಕೋಳಿಗೊಬ್ಬರ ಸುರಿದಿದ್ದರು. ತೌಡು, ಕಡಲೆಕಾಯಿ ಹಿಂಡಿ ತಿಂದು ಉಳಿದದ್ದು ತಳದಲ್ಲಿ ಕೊಳೆಯುತ್ತಿತ್ತು. ಹತ್ತು ದಿನದ ಹಿಂದೆ ವ್ಯಾಪಾರಿಯೊಬ್ಬ ಬಂದು ತೂಕ ನೋಡಬೇಕೆಂದು ಬಲೆ ಎಳೆಸಿ, ದರ ಕುದುರದೆ ಎಲ್ಲ ಮೀನನ್ನೂ ಹೊಂಡಕ್ಕೇ ಸುರಿಸಿ ಹೋಗಿದ್ದ. ನನಗೆ ಅತ್ಯಂತ ಸಂಕಟವಾಗಿದ್ದು ಈ ಕೊನೆಯ ಮಾತು ಕೇಳಿ. ಆವತ್ತು ಉಜ್ಜಿಹೋದ ಲೋಳೆಯ ಲೆಕ್ಕ ಹತ್ತು ದಿನದ ಮೇಲೆ ಬುಟ್ಟಿಯಲ್ಲಿ ಬಿದ್ದಿತ್ತು.

ಇದರ ಜೊತೆಗೆ ಕಾಲದ ಪೆಟ್ಟು. ಮೀನು ತಣ್ಣನೆ ರಕ್ತದ ಪ್ರಾಣಿ. ಚಳಿಗಾಲದಲ್ಲಿ ಅದರ ರೋಗನಿರೋಧಕ ಶಕ್ತಿಯೂ ನಿಧಾನವಾಗುತ್ತದೆ. ಮಾಘ, ಫಾಲ್ಗುಣದಲ್ಲಿ ಹಗಲು ಬಿಸಿಲೇರಿದಾಗ ಬ್ಯಾಕ್ಟೀರಿಯಾ ಬೇಗ ಚುರುಕಾಗುತ್ತದೆ, ಮೀನಿನ ಮೈ ಚುರುಕಾಗಲು ಇನ್ನಷ್ಟು ದಿನ ಬೇಕು. ಆ ನಡುವಿನ ವಾರಗಳೇ ಅಪಾಯದವು. ಜೊತೆಗೆ ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿಯಲ್ಲಿ ಒಂದು ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿಯುವ ನೀರು 30 ಡಿಗ್ರಿಗೆ ಏಳೂವರೆಗೆ ಇಳಿಯುತ್ತದೆ. ಹಗಲೆಲ್ಲ ಆಮ್ಲಜನಕ ಕೊಡುವ ಪಾಚಿ ರಾತ್ರಿ ತಾನೂ ಉಸಿರಾಡುತ್ತದೆ. ನೀರು ಎಷ್ಟು ಕಡುಹಸಿರೋ ಬೆಳಗಿನ ಜಾವಕ್ಕೆ ಅಷ್ಟು ಕೊರತೆ. ಗೆಂಡೆ ಜಾತಿಯ ಮೀನುಗಳಿಗೆ ನೆಮ್ಮದಿಗೆ ಲೀಟರಿಗೆ 5 ಮಿಲಿಗ್ರಾಂ ಬೇಕು. ತಜ್ಞೆಯ ಮೀಟರು ಅಂದು ಎರಡಕ್ಕಿಂತ ಕೆಳಗೆ ತೋರಿಸಿತು.

ಹಾಗಾದರೆ ಮೀನು ಸತ್ತಿದ್ದು ಗಾಳಿಯಿಲ್ಲದೆಯೋ, ರೋಗದಿಂದಲೋ? ಇದನ್ನು ತಿಳಿಯಲು ಸತ್ತ ಮೀನಿನ ಎಣಿಕೆಯೇ ಸಾಕು ಎಂದು ಅವರು ವಿವರಿಸಿದರು. ಬರೀ ಆಮ್ಲಜನಕದ ಕೊರತೆಯಾದರೆ ಒಂದೇ ರಾತ್ರಿಯಲ್ಲಿ ರಾಶಿಗಟ್ಟಲೆ ಸಾಯುತ್ತವೆ, ದೊಡ್ಡವು ಮೊದಲು ಸಾಯುತ್ತವೆ, ಜಾತಿಭೇದವಿಲ್ಲ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯ ದಡದಲ್ಲಿ ಸಾವಿರಾರು ಮೀನು ಬೆಳ್ಳಗೆ ತೇಲಿದ್ದು ಆ ಬಗೆಯದು. ರೋಗವಾದರೆ ನಾಕು, ಒಂಬತ್ತು, ಹದಿನೇಳು ಎಂದು ದಿನದಿನಕ್ಕೆ ಏರುತ್ತದೆ. ಪಾಪ, ಆ ರೈತರು ನಮಗೆ ಮೊದಲ ಮಾತಿನಲ್ಲೇ ರೋಗವನ್ನು ಹೇಳಿಬಿಟ್ಟಿದ್ದರು. ಗಾಳಿಯ ಕೊರತೆ ಮೀನನ್ನು ಸೊರಗಿಸಿತು, ಬ್ಯಾಕ್ಟೀರಿಯಾ ಮುಗಿಸಿತು.

ಗಾಯದಲ್ಲಿ ಸಿಕ್ಕ ಬ್ಯಾಕ್ಟೀರಿಯಾವನ್ನೇ ಅಪರಾಧಿ ಎಂದುಕೊಂಡರೆ ಎಷ್ಟು ದೂರ ದಾರಿ ತಪ್ಪಬಹುದು ಎಂಬುದಕ್ಕೆ ನನ್ನ ಬಾಲ್ಯದಲ್ಲೇ ಒಂದು ಕಥೆಯಿದೆ. 1990ರ ದಶಕದ ಆರಂಭ, ನಾನಾಗ ಹೈಸ್ಕೂಲು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಮುಂಗಾರಿನ ಮೊದಲ ಮಳೆಗೆ ಹತ್ತುಮೀನು ಹಿಡಿಯುವುದೆಂದರೆ ಹಬ್ಬ. ಆ ವರ್ಷ ಗದ್ದೆ ಕೊಯ್ಲಿನ ಚಳಿಯಲ್ಲಿ ಚಿಕ್ಕಪ್ಪ ಕಾಲುವೆಯಿಂದ ಕುಚ್ಚು ಮೀನೊಂದನ್ನು ತಂದು ಅಂಗಳದಲ್ಲಿ ಇಟ್ಟರು. ತಲೆಯ ಮೇಲಿನ ಮಾಂಸವೆಲ್ಲ ಕೊಳೆತು ಬಿಳೀ ಮೂಳೆ ಕಾಣುತ್ತಿತ್ತು. ಆದರೂ ಅದು ಉಸಿರಾಡುತ್ತಿತ್ತು. “ಇದನ್ನ ಒಳಗೆ ತರಬೇಡಿ ಮಾರಾಯ್ರೆ” ಎಂದು ಅಮ್ಮ ಬಾಗಿಲಲ್ಲೇ ನಿಂತರು. ಆ ಮೀನು ನನ್ನ ಕಣ್ಣಿನಿಂದ ಇವತ್ತಿಗೂ ಹೋಗಿಲ್ಲ. ಎಷ್ಟೋ ತಿಂಗಳು ನಮ್ಮ ಮನೆಯಲ್ಲಿ ಸಮುದ್ರದ ಮೀನೂ ಬೇಯಲಿಲ್ಲ.

ಅದು ಸಾಂಕ್ರಾಮಿಕ ಹುಣ್ಣುರೋಗ. 1971ರಲ್ಲಿ ಜಪಾನಿನ ಸಾಕಣೆ ಮೀನುಗಳಲ್ಲಿ ಮೊದಲು ಕಂಡಿತ್ತು, ಮರುವರ್ಷ ಆಸ್ಟ್ರೇಲಿಯಾದಲ್ಲಿ. ಆಗ್ನೇಯ ಏಷ್ಯಾವನ್ನು ಹಾದು 1988ರಲ್ಲಿ ಬಾಂಗ್ಲಾದೇಶಕ್ಕೆ, ಅದೇ ವರ್ಷ ಅಸ್ಸಾಂ, ತ್ರಿಪುರಾ, ಮೇಘಾಲಯಕ್ಕೆ ಬಂತು. 1991ರಲ್ಲಿ ಕೇರಳದ ಕುಟ್ಟನಾಡಿನಲ್ಲಿತ್ತು. ನಮ್ಮ ರಾಜ್ಯದ ಸಿಹಿನೀರು, ಚೌಳುನೀರಿನ ಮೀನುಗಳಲ್ಲಿ ಅದು ಹಬ್ಬಿದ ಬಗೆಯನ್ನು ಸಿ.ವಿ. ಮೋಹನ್ ಮತ್ತು ಕೆ.ಎಂ. ಶಂಕರ್ 1994ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ದಾಖಲಿಸಿದರು. ಹುಣ್ಣನ್ನು ಕೆರೆದು ಬೆಳೆಸಿದಲ್ಲೆಲ್ಲ ಏರೋಮೊನಾಸ್ ಹೈಡ್ರೋಫಿಲಾ ಸಿಗುತ್ತಿತ್ತು. ಹಾಗಾಗಿ ಇದು ಬ್ಯಾಕ್ಟೀರಿಯಾ ರೋಗವೆಂದು ಹಲವರು ನಂಬಿದರು. ಕೆಲವರು ವೈರಸ್ಸಿನ ಬೆನ್ನು ಹತ್ತಿದರು. ಕೊನೆಗೆ ಮಾಂಸದ ಆಳಕ್ಕೆ ಎಳೆ ಬಿಟ್ಟು ಇಳಿಯುವ, ಬೂಷ್ಟಿನಂಥ ಅಫನೋಮೈಸಿಸ್ ಇನ್ವೇಡನ್ಸ್ ಎಂಬ ಜೀವಿಯೇ ಮೂಲವೆಂದು ಗಟ್ಟಿಯಾಯಿತು. ಅದು ಕೊರೆದ ಗಾಯಕ್ಕೆ ಏರೋಮೊನಾಸ್ ಹಿಂದಿನಿಂದ ಬಂದು ಸೇರಿಕೊಂಡಿತ್ತು. ಮಳವಳ್ಳಿಯಲ್ಲಿ ಕೊಂದದ್ದು ಅದೇ, ನಮ್ಮೂರ ಕಾಲುವೆಯಲ್ಲಿ ಅದು ಬರೀ ಜೊತೆಗಾರ. ಎರಡೂ ಕಡೆ ತಟ್ಟೆಯಲ್ಲಿ ಬೆಳೆಯುವ ಹಳದಿ ಚುಕ್ಕೆ ಮಾತ್ರ ಒಂದೇ. ಒಂದು ವರದಿಯ ಚೀಟಿ ನೋಡಿ ಔಷಧಿ ಬರೆಯುವವರ ಬಗ್ಗೆ ನನಗೆ ಭಯವಿರುವುದು ಇದರಿಂದಲೇ.

ಹುಣ್ಣುರೋಗಕ್ಕೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನುಕೃಷಿ ಸಂಸ್ಥೆ ‘ಸೀಫ್ಯಾಕ್ಸ್’ ಎಂಬ ದ್ರಾವಣ ತಂದಿತು. ಸುಣ್ಣ ಹಾಕುವುದಂತೂ ಹಳ್ಳಿಗೂ ಗೊತ್ತಾಯಿತು. ಆದರೆ ಇವೆಲ್ಲ ಏರಿ ಕಟ್ಟಿದ ನೀರಿಗೆ. ತುಂಗೆಗೆ ಯಾರು ಸುಣ್ಣ ಹಾಕುತ್ತಾರೆ? ಗದ್ದೆ ಕಾಲುವೆಯ ಕುಚ್ಚು, ಮುರುಗೋಡು ಮೀನುಗಳಿಗೆ ಡಾಕ್ಟರಿಲ್ಲ. ಸಾಕಿದ ಮೀನು ಸತ್ತರೆ ಸಾಲದ ಲೆಕ್ಕದಲ್ಲಾದರೂ ಬರುತ್ತದೆ. ನದಿಯ ಮೀನು ಸತ್ತದ್ದನ್ನು ಎಣಿಸುವವರು ಹದ್ದು, ಕೊಕ್ಕರೆಗಳು ಮಾತ್ರ. 2006–07ರಲ್ಲಿ ಇದೇ ರೋಗ ಆಫ್ರಿಕಾದ ಜಾಂಬೆಜಿ, ಚೋಬೆ ನದಿಗಳನ್ನು ಹೊಕ್ಕಿತು. ಅಲ್ಲಿ ಅದು ತಗುಲಿದ್ದು ಕಾಡುಮೀನುಗಳಿಗೇ.

ಅನುಮಾನಿಸಬೇಕಾದದ್ದು ಏರೋಮೊನಾಸ್ ಒಂದನ್ನೇ ಅಲ್ಲ. ಕಿವಿರು ಕೊಳೆಸುವ ಇನ್ನೊಂದು ಬ್ಯಾಕ್ಟೀರಿಯಾ ಇದೆ, ಫ್ಲೇವೊಬ್ಯಾಕ್ಟೀರಿಯಂ ಕಾಲಮ್ನೇರ್. 1922ರಲ್ಲಿ ಡೇವಿಸ್ ಎಂಬವರು ಮಿಸಿಸಿಪ್ಪಿಯ ಮೀನುಗಳಲ್ಲಿ ಇದನ್ನು ವಿವರಿಸಿದರು. ಕಿವಿರಿನ ಚೂರನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಇವು ಹುಲ್ಲುಮೆದೆಯಂತೆ ಕಂಬ ಕಂಬವಾಗಿ ಒಟ್ಟುಗೂಡುತ್ತವೆ. ಬೆನ್ನಿಗೆ ಜೀನು ಹಾಕಿದಂತೆ ಬಿಳಿ ಪಟ್ಟೆ ಬಂದ ಮೀನು ಕಂಡರೆ ಅನುಭವಿಗಳು ಇದನ್ನೇ ಅನುಮಾನಿಸುತ್ತಾರೆ.

ಎಲ್ಲಿಂದ ಬರುತ್ತವೆ ಈ ಬ್ಯಾಕ್ಟೀರಿಯಾಗಳು? ಬಹಳಷ್ಟು ಇಲ್ಲಿಯವೇ. ಆದರೆ ಕೆಲವು ಉಗ್ರ ತಳಿಗಳು ಮೀನಿನ ಜೊತೆಗೇ ಪ್ರಯಾಣ ಮಾಡುತ್ತವೆ. ನಾವು ನಮ್ಮದೆಂದು ಬೆಳೆಸುವ ಕಾಟ್ಲಾ, ರೋಹು, ಮೃಗಾಲ್ ಗಂಗೆಯ ಬಯಲಿನವು. ಒಂದು ಕಾಲಕ್ಕೆ ಅವುಗಳ ಮರಿಯನ್ನು ನದಿಯಲ್ಲೇ ಸೋಸಿ ತರಬೇಕಿತ್ತು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಒಡಿಶಾದಲ್ಲಿ ಪಿಟ್ಯುಟರಿ ಸಾರ ಚುಚ್ಚಿ ಗೆಂಡೆ ಮೀನು ಮೊಟ್ಟೆಯಿಡುವಂತೆ ಮಾಡಿದ ಮೇಲೆ ಮರಿ ಉತ್ಪಾದನೆ ಊರೂರಿಗೆ ಬಂತು. ಇವತ್ತು ಆಮ್ಲಜನಕ ತುಂಬಿದ ಪಾಲಿಥಿನ್ ಚೀಲದಲ್ಲಿ ಮರಿಗಳು ರಾಜ್ಯದಿಂದ ರಾಜ್ಯಕ್ಕೆ ರಾತ್ರೋರಾತ್ರಿ ಹೋಗುತ್ತವೆ. 2009ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಕ್ಯಾಟ್‌ಫಿಶ್ ಕೊಳಗಳಿಗೆ ಏರೋಮೊನಾಸ್ ಹೈಡ್ರೋಫಿಲಾದ ಉಗ್ರ ತಳಿಯೊಂದು ಹೊಕ್ಕು ಒಂದೇ ವರ್ಷ 30 ಲಕ್ಷ ಪೌಂಡಿಗೂ ಹೆಚ್ಚು, ಅಂದರೆ ಸುಮಾರು 1,360 ಟನ್ ಮೀನು ಹೋಯಿತು. 2014ರಲ್ಲಿ ಅದರ ವಂಶವಾಹಿಗಳನ್ನು ಹೋಲಿಸಿದಾಗ ಅದರ ಹತ್ತಿರದ ನೆಂಟ ಚೀನಾದ ಹುಲ್ಲುಗೆಂಡೆ ಮೀನಿನಲ್ಲಿ ಸಿಕ್ಕಿತು.

ಇನ್ನು ಔಷಧಿಯ ಮಾತು. ಮಳವಳ್ಳಿಯ ರೈತರ ಶೆಡ್ಡಿನ ಗೂಟಕ್ಕೆ ಒಂದು ಪೊಟ್ಟಣ ನೇತುಹಾಕಿತ್ತು. ಕೋಳಿಗೆ ಕೊಡುವ ಆ್ಯಂಟಿಬಯೋಟಿಕ್ ಅದು. ಅಂಗಡಿಯವರು ಕೊಟ್ಟಿದ್ದರು, ತೌಡಿಗೆ ಕಲಸಿ ಮೂರು ದಿನ ಹಾಕಿದ್ದರು. “ಯಾಕೆ ಸಾವು ನಿಲ್ಲಲಿಲ್ಲ ಮೇಡಂ?” ಎಂದರು. ತಜ್ಞೆ ಸುಮ್ಮನೆ ಕೇಳಿದರು: “ಕಾಯಿಲೆ ಬಿದ್ದ ಮೀನು ತೌಡಿಗೆ ಬಂತಾ ಅಣ್ಣ?” ಅವರು ಸ್ವಲ್ಪ ಹೊತ್ತು ಯೋಚಿಸಿ ತಲೆ ಅಲ್ಲಾಡಿಸಿದರು. ರೋಗದ ಮೀನು ಮೊದಲು ಬಿಡುವುದೇ ಮೇವನ್ನು. ಔಷಧಿಯೆಲ್ಲ ತಿಂದದ್ದು ಆರೋಗ್ಯವಾಗಿದ್ದ ಮೀನುಗಳು, ಉಳಿದದ್ದು ಕೆಸರಿಗೆ. ಆ ಕೆಸರಿನ ಲಕ್ಷಾಂತರ ಬ್ಯಾಕ್ಟೀರಿಯಾಗಳು ಔಷಧಿಯ ರುಚಿ ನೋಡಿ ಅದನ್ನು ಎದುರಿಸಲು ಕಲಿಯುತ್ತವೆ. ಏರೋಮೊನಾಸ್ ಹುಟ್ಟಿನಿಂದಲೇ ಆ್ಯಂಪಿಸಿಲಿನ್‌ಗೆ ಬಗ್ಗುವುದಿಲ್ಲ. ಬೇರೆಯವಕ್ಕೆ ಬಗ್ಗದಿರುವ ಗುಣವನ್ನು ಪಕ್ಕದ ಬ್ಯಾಕ್ಟೀರಿಯಾಗಳಿಂದ ಕಡ ಪಡೆಯುತ್ತದೆ. ಇದೇ ಜೀವಿ ಮನುಷ್ಯರ ಗಾಯಕ್ಕೂ ಇಳಿಯಬಲ್ಲದು. ಚೆನ್ನಾಗಿ ಬೇಯಿಸಿದ ಮೀನಿನಿಂದ ಭಯವಿಲ್ಲ, ಆದರೆ ಕೈಯಲ್ಲಿ ಕೊಯ್ದ ಗಾಯವಿಟ್ಟುಕೊಂಡು ಹುಣ್ಣಾದ ಮೀನು ಶುಚಿ ಮಾಡುವುದು ಬೇಡ.

ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಮೀನು ಸಾಕಣೆ ಕೇಂದ್ರಗಳಲ್ಲಿ ಏರೋಮೊನಾಸ್ ರೋಗವಿರುವುದನ್ನು ಮಂಗಳೂರಿನ ಇಂದ್ರಾಣಿ ಕರುಣಾಸಾಗರ್, ಇಡ್ಯಾ ಕರುಣಾಸಾಗರ್ ಮತ್ತು ಸಂಗಡಿಗರು 1989ರಷ್ಟು ಹಿಂದೆಯೇ ಬರೆದಿದ್ದರು. ಅದೇ ಮಂಗಳೂರಿನಲ್ಲಿ ಇದಕ್ಕೆ ಲಸಿಕೆ ಹುಡುಕುವ ಕೆಲಸವೂ ನಡೆಯಿತು. ಅದು ಹೆಚ್ಚು ಜನಕ್ಕೆ ತಿಳಿದಿಲ್ಲ ಎಂಬುದು ನನಗೆ ನೋವಿನ ಸಂಗತಿ. ಮೀನಿಗೆ ಲಸಿಕೆ ಹಾಕುವ ಯೋಚನೆ ಹಳೆಯದು. 1942ರಲ್ಲಿ ಕೆನಡಾದ ಡಫ್ ಎಂಬವರು ಟ್ರೌಟ್ ಮೀನಿಗೆ ಮೇವಿನಲ್ಲಿ ಲಸಿಕೆ ಕೊಟ್ಟು ನೋಡಿದ್ದರು. ನಾರ್ವೆಯ ಸಾಲ್ಮನ್ ಸಾಕಣೆಯಲ್ಲಿ ಲಸಿಕೆಗಳು ಬಂದ ಮೇಲೆ 1987ರ ಹೊತ್ತಿನ ಆ್ಯಂಟಿಬಯೋಟಿಕ್ ಬಳಕೆ ಶೇ 95ಕ್ಕೂ ಹೆಚ್ಚು ಇಳಿಯಿತು. ಅಲ್ಲಿ ಒಂದೊಂದೇ ಮೀನಿಗೆ ಚುಚ್ಚುತ್ತಾರೆ. ದುಬಾರಿ ಮೀನು, ಖರ್ಚು ತಾಳುತ್ತದೆ. ಕೆರೆಗೆ ಬಿಡುವ ರೋಹು ಮರಿಗೆ ಅದು ಆಗದ ಮಾತು. ಮೇವಿನಲ್ಲೇ ಕೊಡಬೇಕು. ಕೊಟ್ಟರೆ ಕರುಳಿನ ಮುಂಭಾಗದಲ್ಲೇ ಜೀರ್ಣವಾಗಿಬಿಡುತ್ತದೆ, ರೋಗನಿರೋಧಕ ಕೋಶಗಳಿರುವ ಹಿಂಗರುಳಿಗೆ ತಲುಪುವುದೇ ಇಲ್ಲ.

1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ ಕೆ.ಎಂ. ಶಂಕರ್ ಮತ್ತವರ ವಿದ್ಯಾರ್ಥಿಗಳು ಇದಕ್ಕೆ ಬ್ಯಾಕ್ಟೀರಿಯಾದ ಸ್ವಭಾವದಲ್ಲೇ ಉಪಾಯ ಹುಡುಕಿದರು. ಕಲ್ಲಿಗೆ ಹಿಡಿದ ಜಾರುಪಾಚಿ ನೋಡಿದ್ದೀರಲ್ಲ, ಬ್ಯಾಕ್ಟೀರಿಯಾವೂ ಮೇಲ್ಮೈ ಸಿಕ್ಕರೆ ಹಾಗೇ ಅಂಟಿಕೊಂಡು ತನ್ನ ಸುತ್ತ ಅಂಟಿನ ಹೊದಿಕೆ ಕಟ್ಟಿಕೊಳ್ಳುತ್ತದೆ. ಸೀಗಡಿ, ಏಡಿಗಳ ಚಿಪ್ಪಿನಲ್ಲಿರುವ ಕೈಟಿನ್ ಎಂಬ ವಸ್ತುವಿನ ಚೂರುಗಳ ಮೇಲೆ ಅವರು ಏರೋಮೊನಾಸ್ ಹೈಡ್ರೋಫಿಲಾವನ್ನು ಹೀಗೆ ಬೆಳೆಸಿ, ಕಾಯಿಸಿ ಕೊಂದು, ಮೇವಿಗೆ ಸೇರಿಸಿ ಗೆಂಡೆ ಮೀನುಗಳಿಗೆ ತಿನ್ನಿಸಿದರು. ಆ ಅಂಟಿನ ಹೊದಿಕೆ ಜೀರ್ಣರಸವನ್ನು ತಡೆಯಿತು. ಬಿಡಿಬಿಡಿಯಾಗಿ ಬೆಳೆಸಿದ ಬ್ಯಾಕ್ಟೀರಿಯಾ ಕೊಟ್ಟಾಗಿನದಕ್ಕಿಂತ ಪ್ರತಿಕಾಯ ಹೆಚ್ಚು ಹುಟ್ಟಿತು, ರೋಗ ಹೊಗಿಸಿದಾಗ ಹೆಚ್ಚು ಮೀನು ಉಳಿದವು. 1990ರ ದಶಕದ ಕೊನೆಯಲ್ಲಿ ಈ ಫಲಿತಾಂಶಗಳು ಪ್ರಕಟವಾದವು. ಗಾಯದ ಮೇಲೆ ಪಟ್ಟು ಹಿಡಿದು ಕೂರಲು ಬ್ಯಾಕ್ಟೀರಿಯಾ ಕಟ್ಟಿಕೊಳ್ಳುವ ಕೋಟೆಯನ್ನೇ ಮೀನಿನ ರಕ್ಷಣೆಗೆ ತಿರುಗಿಸಿದ ಆ ಯೋಚನೆ ನನಗೆ ಬಹಳ ಹಿಡಿಸಿತು. ಆದರೆ ನಾನು ಮಾತಾಡಿಸಿದ ಮೀನು ಸಾಕಣೆದಾರರಲ್ಲಿ ಲಸಿಕೆ ಹಾಕಿದ್ದೇವೆ ಎಂದವರು ಒಬ್ಬರೂ ಸಿಗಲಿಲ್ಲ. ಕೋಳಿಯ ಪೊಟ್ಟಣ ಮಾತ್ರ ಎಲ್ಲರ ಶೆಡ್ಡಿನಲ್ಲೂ ಇತ್ತು.

ಅಂದು ತಜ್ಞೆ ಬರೆದುಕೊಟ್ಟ ಚೀಟಿಯಲ್ಲಿ ಆ್ಯಂಟಿಬಯೋಟಿಕ್ ಇರಲಿಲ್ಲ. ಒಂದು ವಾರ ಮೇವು, ಗೊಬ್ಬರ ಎರಡೂ ಬಂದ್. ಬೋರಿನ ನೀರನ್ನು ಎತ್ತರದಿಂದ ಚಿಮ್ಮಿಸಿ ಬಿಡುವುದು, ಅದೂ ರಾತ್ರಿ ಎರಡರಿಂದ ಬೆಳಗಿನವರೆಗೆ. ನೀರಿನ ರಸಸಾರ ನೋಡಿಕೊಂಡೇ ಸುಣ್ಣ. ರಸಸಾರ ಹೆಚ್ಚಿರುವ ನೀರಿಗೆ ಇನ್ನೂ ಸುಣ್ಣ ಬಿದ್ದರೆ ಅಮೋನಿಯಾದ ವಿಷ ಏರುತ್ತದೆಂದು ಎರಡೆರಡು ಸಲ ಹೇಳಿದರು. ಸತ್ತ ಮೀನನ್ನು ಏರಿಯ ಆಚೆ ಬಿಸಾಡದೆ ಸುಣ್ಣ ಹಾಕಿ ಹೂಳುವುದು, ಇಲ್ಲದಿದ್ದರೆ ಕೊಕ್ಕರೆ ಎತ್ತಿಕೊಂಡು ಪಕ್ಕದ ಕೆರೆಗೆ ಹಾಕೀತು. ಬಲೆಯನ್ನು ಬಿಸಿಲಲ್ಲಿ ಒಣಗಿಸದೆ ಇನ್ನೊಬ್ಬರಿಗೆ ಕೊಡಬಾರದು. ನೀರು ಸುಧಾರಿಸಿದ ಮೇಲೆ ಮೂರರಲ್ಲಿ ಒಂದು ಪಾಲು ಮೀನನ್ನು ಎಷ್ಟು ದರ ಬಂದರೂ ಸರಿ ಮಾರಿ ಹೊಂಡ ಹಗುರ ಮಾಡಬೇಕು. ಈ ಕೊನೆಯದನ್ನು ಕೇಳಿ ರೈತರ ಹೆಂಡತಿ ಒಳಗಿನಿಂದ ಬಂದರು. “ಸಂಘದ ಸಾಲ ಯುಗಾದಿಗೆ ಕಟ್ಬೇಕು ಕಣವ್ವಾ. ಇಷ್ಟು ಚಿಕ್ಕದ್ನ ಮಾರುದ್ರೆ ಏನು ಸಿಕ್ಕಾತು?” ಎಂದರು. ತಜ್ಞೆ ಅವರ ಪಕ್ಕದಲ್ಲೇ ಜಗಲಿಯ ಮೇಲೆ ಕೂತು, ದಿನಕ್ಕೆ ಹದಿನೇಳರಂತೆ ಯುಗಾದಿಯವರೆಗೆ ಎಷ್ಟಾಗುತ್ತದೆ ಎಂದು ಬೆರಳೆಣಿಸಿ ಲೆಕ್ಕ ಹಾಕತೊಡಗಿದರು. ಇಬ್ಬರೂ ಬಹಳ ಹೊತ್ತು ಕೂತಿದ್ದರು.

ಹನ್ನೊಂದು ದಿನದ ಮೇಲೆ ನಾನು ಪ್ರಯೋಗಾಲಯದಲ್ಲಿದ್ದಾಗಲೇ ಆ ರೈತರು ಬಂದರು. ಹೆಗಲ ಮೇಲೆ ಗೋಣಿಚೀಲ. ಬಿಚ್ಚಿದರೆ ಒಳಗೆ ಮೀನುಮರಿ ಸಾಗಿಸುವ ಪಾಲಿಥಿನ್ ಚೀಲ, ಅರ್ಧ ನೀರು, ಅರ್ಧ ಗಾಳಿ, ಬಾಯಿಗೆ ರಬ್ಬರ್ ಬ್ಯಾಂಡು.

“ಇವತ್ತು ಸತ್ತಿದ್ದು ಎರಡೇ ಮೇಡಂ. ಇದೊಂದು ಓಲಾಡ್ತಿತ್ತು. ಜೀವ ಇರೋವಾಗ್ಲೇ ತಂದಿವ್ನಿ.”

ತಜ್ಞೆ ಚೀಲವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದರು. ಒಳಗೆ ರೋಹು ನಿಧಾನವಾಗಿ ಕಿವಿರು ತೆರೆದು ಮುಚ್ಚುತ್ತಿತ್ತು.